ಅರಳುಮರಳೆಂದು ಸುಮ್ಮನಿರಬೇಡಿ
(ಬಾಳಸಂಗಾತಿಯಲ್ಲಿ ಹಠಾತ್ತಾಗಿ ಕಾಣಿಸಿಕೊಳ್ಳುವ ಮತಿಗೊಂದಲ ಹಾಗೂ ಮರೆವು)

ಅರವತ್ತು ದಾಟಿದವರ ಮಾತು ತುಸು ಹಳಿ ತಪ್ಪಿದರೂ ‘ಅರವತ್ತರ ಅರಳುಮರಳು’ ಎಂದು ನಕ್ಕು ಸುಮ್ಮನಾಗುವುದು ಕನ್ನಡಿಗರಲ್ಲಿ ಹಿಂದಿನಿಂದ ಬಂದ ವಾಡಿಕೆ. ಕನ್ನಡಕವನ್ನು ಎಲ್ಲಿಟ್ಟೆವೆಂದು ಹುಡುಕುವುದು, ನೆರೆಮನೆಯ ಮಗುವಿನ ಹೆಸರು ತಟ್ಟನೆ ನೆನಪಿಗೆ ಬಾರದಿರುವುದು ಮುಂತಾದ ಸಣ್ಣಪುಟ್ಟ ಮರೆವಿನ ಮಟ್ಟಿಗೆ ಆ ನಗೆ ಸಲ್ಲುತ್ತದೆ. ಆದರೆ ನಿನ್ನೆ ಸಂಜೆಯವರೆಗೆ ಮನೆಯ ಲೆಕ್ಕಪತ್ರವನ್ನೆಲ್ಲ ಅಚ್ಚುಕಟ್ಟಾಗಿ ನೋಡಿಕೊಂಡಿದ್ದ ಪತಿಯು ಇಂದು ಬೆಳಿಗ್ಗೆ ತನ್ನ ಮನೆಯ ಬಚ್ಚಲು ಯಾವ ಕಡೆಗಿದೆಯೆಂದು ತಿಳಿಯದೆ ನಿಂತರೆ, ಅಥವಾ ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದ ಪತ್ನಿಯು ಒಲೆಯ ಮುಂದೆ ನಿಂತು ‘ಇದು ಯಾರ ಮನೆ?’ ಎಂದು ಕೇಳಿದರೆ, ಅದು ಅರಳುಮರಳಲ್ಲ. ಮುಪ್ಪು ಒಂದೇ ರಾತ್ರಿಯಲ್ಲಿ ಬರುವಂಥದಲ್ಲ. ಹೀಗೆ ಹಠಾತ್ತಾಗಿ ಬಂದ ಗೊಂದಲದ ಹಿಂದೆ ದೇಹದಲ್ಲಿ ಒಂದು ಕಾರಣವಿರುತ್ತದೆ. ಅನೇಕ ವೇಳೆ ಅದು ಬೇಗನೆ ಪತ್ತೆಯಾದರೆ ಗುಣಪಡಿಸಬಹುದಾದ ಕಾರಣವೇ ಆಗಿರುತ್ತದೆ.

ಮಹಾನಗರಗಳಲ್ಲಿ ನೆಲಸಿದ ಕನ್ನಡಿಗರು ಈ ವಿಷಯವನ್ನು ವಿಶೇಷವಾಗಿ ಅರಿತಿರಬೇಕು. ಊರಿನ ತುಂಬಿದ ಮನೆಯಲ್ಲಾದರೆ ಹತ್ತು ಜನರ ಕಣ್ಣಿಗೆ ಬೀಳುವ ಬದಲಾವಣೆಯನ್ನು ಇಲ್ಲಿನ ಎರಡು ಕೋಣೆಯ ಮನೆಯಲ್ಲಿ ಕಾಣುವವರು ಒಬ್ಬರೇ. ಮಕ್ಕಳು ಉದ್ಯೋಗದ ನಿಮಿತ್ತ ದೂರ ಹೋಗಿರುವ ಮನೆಗಳಲ್ಲಿ ಪತಿಗೆ ಪತ್ನಿಯೇ, ಪತ್ನಿಗೆ ಪತಿಯೇ ಸಾಕ್ಷಿ. ಆ ಸಾಕ್ಷಿ ಏನನ್ನು ಗಮನಿಸಬೇಕು, ವೈದ್ಯರಿಗೆ ಏನನ್ನು ಹೇಳಬೇಕು ಎಂಬುದೇ ಈ ಲೇಖನದ ಮುಖ್ಯ ವಿಷಯ.

ಮರೆವಿನಲ್ಲಿ ಎರಡು ಬಗೆ

ಮೊದಲನೆಯದು ನಿಧಾನವಾಗಿ ಬರುವ ಮರೆವು. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಜೈಮರ್ ೧೯೦೬ರಲ್ಲಿ ವೈದ್ಯರ ಸಭೆಯೊಂದರಲ್ಲಿ ವಿವರಿಸಿದ, ಮುಂದೆ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಕಾಯಿಲೆ ಈ ಗುಂಪಿನಲ್ಲಿ ಮುಖ್ಯವಾದುದು. ಇದು ಯಾವ ದಿನ ಆರಂಭವಾಯಿತೆಂದು ಮನೆಯವರು ಹೇಳಲಾರರು; ‘ಎರಡು ಮೂರು ವರ್ಷಗಳಿಂದ ಹೀಗೇ’ ಎನ್ನುತ್ತಾರೆ. ಮೊದಮೊದಲು ರೋಗಿಯ ಎಚ್ಚರ, ಗಮನ, ಮಾತಿನ ಧಾಟಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ.

ಎರಡನೆಯದು ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಎರಗುವ ಗೊಂದಲ. ಮನೆಯವರು ಇದರ ದಿನವನ್ನು ಮಾತ್ರವಲ್ಲ, ಕೆಲವೊಮ್ಮೆ ಗಂಟೆಯನ್ನೂ ಹೇಳಬಲ್ಲರು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಡಿಲೀರಿಯಂ ಎಂದು ಹೆಸರು. ಕನ್ನಡದಲ್ಲಿ ‘ಸನ್ನಿ’ ಎಂಬ ಹಳೆಯ ಮಾತೇ ಇದೆ. ಜ್ವರ ನೆತ್ತಿಗೇರಿ ಸನ್ನಿಯಾಯಿತು ಎಂದು ಹಿರಿಯರು ಹೇಳುತ್ತಿದ್ದರು. ಜ್ವರವೇ ಇಲ್ಲದೆಯೂ ಸನ್ನಿ ಬರಬಹುದೆಂಬುದನ್ನು, ವಯಸ್ಸಾದವರಲ್ಲಿ ಅದು ಸಾಮಾನ್ಯವೆಂಬುದನ್ನು ಇಂದಿನವರು ತಿಳಿದುಕೊಳ್ಳಬೇಕು.

ಇವೆರಡೂ ಒಬ್ಬರಲ್ಲಿಯೇ ಕೂಡಿ ಬರಬಹುದು. ಮೊದಲಿನಿಂದ ಮರೆವಿದ್ದವರು ಎರಡೇ ದಿನಗಳಲ್ಲಿ ಮನೆಯವರನ್ನೇ ಗುರುತಿಸಲಾರದಷ್ಟು ಕೆಟ್ಟರೆ, ಹಳೆಯ ಕಾಯಿಲೆ ಹೆಚ್ಚಾಯಿತೆಂದು ಸಮಾಧಾನಪಟ್ಟುಕೊಳ್ಳಬಾರದು. ಹಳೆಯದರ ಮೇಲೆ ಹೊಸದೊಂದು ಬಂದು ಕುಳಿತಿದೆಯೆಂದೇ ತಿಳಿಯಬೇಕು.

ಮಿದುಳಿನಲ್ಲಿ ನಡೆಯುವುದೇನು?

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ೨ ಪಾಲು ಮಾತ್ರ. ಆದರೆ ಉಸಿರಿನಿಂದ ಒಳಸೇರುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು ೨೦ ಪಾಲನ್ನು ಅದೊಂದೇ ಬಳಸಿಕೊಳ್ಳುತ್ತದೆ. ಅದರ ಆಹಾರವಾದ ಗ್ಲೂಕೋಸ್ ಸಕ್ಕರೆಯನ್ನು ಕೂಡಿಟ್ಟುಕೊಳ್ಳುವ ಉಗ್ರಾಣವೂ ಅದಕ್ಕಿಲ್ಲವೆಂದೇ ಹೇಳಬೇಕು. ಆದ್ದರಿಂದ ರಕ್ತದಲ್ಲಿ ಆಮ್ಲಜನಕ, ಸಕ್ಕರೆ ಅಥವಾ ಉಪ್ಪಿನಂಶ ಏರುಪೇರಾದಾಗ, ನಂಜು ಸೇರಿದಾಗ, ಔಷಧದ ಅಂಶ ಮಿತಿ ಮೀರಿದಾಗ ಮಿದುಳಿನ ಕೆಲಸ ಕೂಡಲೇ ಕುಂದುತ್ತದೆ. ಅಮೆರಿಕದ ವೈದ್ಯರಾದ ಎಂಗೆಲ್ ಮತ್ತು ರೊಮಾನೊ ಅವರು ೧೯೫೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸನ್ನಿಯನ್ನು ಮಿದುಳಿನ ಕಾರ್ಯಶಕ್ತಿ ಸಾಲದೆ ಹೋದ ಸ್ಥಿತಿಯೆಂದು ವರ್ಣಿಸಿದರು. ಅಂಥ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಯಂತ್ರದಲ್ಲಿ ಬರೆಸಿ ನೋಡಿದಾಗ ಅವು ಮಂದಗತಿಯಲ್ಲಿರುವುದು ಕಂಡುಬಂದಿತ್ತು.

ಮೊದಲು ಕೆಡುವುದು ನೆನಪಲ್ಲ, ಗಮನ. ಕಿವಿಯ ಮೇಲೆ ಬಿದ್ದ ಮಾತಿನ ಮೇಲೆ ಮನಸ್ಸು ನಿಲ್ಲದಿದ್ದರೆ ಆ ಮಾತು ನೆನಪಿನಲ್ಲಿ ದಾಖಲಾಗುವುದೇ ಇಲ್ಲ. ನೋಡುವವರಿಗೆ ಅದು ಮರೆವಿನಂತೆ ತೋರುತ್ತದೆ. ಇದನ್ನು ಮನೆಯಲ್ಲಿಯೇ ಸುಲಭವಾಗಿ ಪರೀಕ್ಷಿಸಬಹುದು. ವಾರದ ದಿನಗಳನ್ನು ಹಿಂದುಮುಂದಾಗಿ, ಅಂದರೆ ಶನಿವಾರ, ಶುಕ್ರವಾರ, ಗುರುವಾರ ಎಂದು ಹೇಳಿಸಬೇಕು. ಎಂದೂ ತಡವರಿಸದವರು ನಡುವೆ ನಿಂತುಬಿಟ್ಟರೆ, ಮುಂದಿನ ಕ್ರಮಕ್ಕೇ ಜಾರಿದರೆ, ಅಥವಾ ಪ್ರಶ್ನೆಯನ್ನೇ ಬಿಟ್ಟು ಬೇರೇನನ್ನೋ ಹೇಳತೊಡಗಿದರೆ ಗಮನ ಕೆಟ್ಟಿದೆಯೆಂದು ಅರ್ಥ.

೧೯೯೦ರಲ್ಲಿ ಅಮೆರಿಕದ ವೈದ್ಯೆ ಶರಾನ್ ಇನೌಯೆ ಮತ್ತು ಅವರ ಸಹೋದ್ಯೋಗಿಗಳು ಸನ್ನಿಯನ್ನು ಗುರುತಿಸುವ ಒಂದು ಸರಳ ಕ್ರಮವನ್ನು ರೂಪಿಸಿದರು. ಅದರಲ್ಲಿ ನಾಲ್ಕು ಲಕ್ಷಣಗಳನ್ನು ಹೇಳಿದೆ: ಹಠಾತ್ತಾಗಿ ಆರಂಭವಾಗಿ ಏರಿಳಿಯುವ ಸ್ಥಿತಿ; ಗಮನ ನಿಲ್ಲದಿರುವುದು; ಹೊಂದಿಕೆಯಿಲ್ಲದ ಆಲೋಚನೆ ಮತ್ತು ಮಾತು; ಎಚ್ಚರದ ಮಟ್ಟದಲ್ಲಿ ವ್ಯತ್ಯಾಸ. ಮೊದಲ ಎರಡೂ ಇದ್ದು, ಉಳಿದೆರಡರಲ್ಲಿ ಒಂದಾದರೂ ಕೂಡಿಕೊಂಡಿದ್ದರೆ ಸನ್ನಿಯೆಂದು ಭಾವಿಸಬೇಕು. ಈ ನಾಲ್ಕರಲ್ಲಿ ಮೊದಲನೆಯದನ್ನು ವೈದ್ಯರು ತಾವೇ ಕಾಣಲಾರರು. ರೋಗಿ ನಿನ್ನೆ ಹೇಗಿದ್ದರೆಂಬುದನ್ನು ಜೊತೆಯಲ್ಲಿದ್ದವರೇ ಹೇಳಬೇಕು.

ಏರಿಳಿತವೆಂಬುದು ಮನೆಯವರನ್ನು ಬಹಳ ಮೋಸಗೊಳಿಸುವ ಲಕ್ಷಣ. ರಾತ್ರಿಯೆಲ್ಲ ಗೋಡೆಯ ಮೇಲೆ ಇರುವೆ ಹರಿಯುತ್ತಿದೆಯೆಂದು ಕೂಗಾಡಿದವರು ಬೆಳಿಗ್ಗೆ ಕಾಫಿ ಕುಡಿದು ದಿನಪತ್ರಿಕೆ ಹಿಡಿದು ಕುಳಿತಾರು. ಸರಿಹೋಯಿತೆಂದು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟರೆ ಸಂಜೆಗೆ ಅದೇ ಸ್ಥಿತಿ ಮರಳುತ್ತದೆ. ಕೂಗಾಡುವವರನ್ನಾದರೂ ಜನರು ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಮಂಕಾಗಿ, ಮಾತಿಲ್ಲದೆ, ಕರೆದರೆ ಮಾತ್ರ ಕಣ್ತೆರೆದು ಮತ್ತೆ ಮಲಗುವ ಇನ್ನೊಂದು ಬಗೆಯ ಸನ್ನಿಯುಂಟು. ಅದನ್ನು ‘ಆಯಾಸವಾಗಿದೆ, ಮಲಗಲಿ’ ಎಂದು ಬಿಟ್ಟುಬಿಡುವುದು ಹೆಚ್ಚು. ಅಪಾಯ ಅದರಲ್ಲಿಯೂ ಕಡಿಮೆಯೇನಲ್ಲ.

ಸಾಮಾನ್ಯವಾದ ಕಾರಣಗಳು

ಸಕ್ಕರೆ ಇಳಿಯುವುದು: ಮಧುಮೇಹಕ್ಕೆ ಔಷಧ ಸೇವಿಸುವವರಲ್ಲಿ ಮೊದಲು ಶಂಕಿಸಬೇಕಾದುದು ಇದನ್ನೇ. ೧೦೦ ಮಿಲಿಲೀಟರ್ ರಕ್ತದಲ್ಲಿ ೭೦ ಮಿಲಿಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ಅದು ಇಳಿದಿದೆಯೆಂದು ಲೆಕ್ಕ; ೫೪ಕ್ಕಿಂತ ಕೆಳಗಿಳಿದರೆ ಮಿದುಳಿನ ಕೆಲಸಕ್ಕೇ ಧಕ್ಕೆ. ಏಕಾದಶಿಯ ಉಪವಾಸ, ಸಂಕಷ್ಟಿಯಂದು ಚಂದ್ರೋದಯದವರೆಗೆ ಕಾಯುವುದು, ವಾಂತಿಭೇದಿಯಿಂದ ಊಟ ಸೇರದಿರುವುದು ಇಂಥ ಸಂದರ್ಭಗಳಲ್ಲಿಯೂ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡವರಿಗೆ ಹೀಗಾಗುತ್ತದೆ. ಎಳೆಯರಲ್ಲಿ ಬೆವರು, ನಡುಕ, ಎದೆಬಡಿತ ಮುನ್ನೆಚ್ಚರಿಕೆ ಕೊಡುತ್ತವೆ. ವೃದ್ಧರಲ್ಲಿ ಅವಾವುವೂ ಇಲ್ಲದೆ ನೇರವಾಗಿ ಗೊಂದಲವೇ ಕಾಣಿಸಬಹುದು. ರೋಗಿ ಎಚ್ಚರದಿಂದಿದ್ದು ನುಂಗಬಲ್ಲವರಾಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಗ್ಲಿಬೆನ್‌ಕ್ಲಮೈಡ್‌ನಂತಹ ಕೆಲವು ಗುಳಿಗೆಗಳ ಪ್ರಭಾವ ದೀರ್ಘಕಾಲವಿರುವುದರಿಂದ ಒಮ್ಮೆ ಸರಿಹೋದವರಲ್ಲಿ ಕೆಲವು ಗಂಟೆಗಳ ಅನಂತರ ಸಕ್ಕರೆ ಮತ್ತೆ ಕುಸಿಯಬಹುದು. ಆದ್ದರಿಂದ ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು.

ಸೋಡಿಯಂ ಇಳಿಯುವುದು: ರಕ್ತದಲ್ಲಿ ಸೋಡಿಯಂ ಎಂಬ ಉಪ್ಪಿನಂಶ ಲೀಟರಿಗೆ ೧೩೫ರಿಂದ ೧೪೫ ಮಿಲಿಮೋಲ್‌ನಷ್ಟಿರಬೇಕು. ರಕ್ತದೊತ್ತಡಕ್ಕಾಗಿ ಕೊಡುವ, ಮೂತ್ರವನ್ನು ಹೆಚ್ಚಿಸುವ ಥಯಾಜೈಡ್ ವರ್ಗದ ಗುಳಿಗೆಗಳಿಂದಲೂ, ವಾಂತಿಭೇದಿಯಿಂದಲೂ, ಬೇರೆ ಕೆಲವು ಕಾಯಿಲೆಗಳಿಂದಲೂ ಅದು ಕೆಳಗಿಳಿಯುತ್ತದೆ. ಹೊಸ ಗುಳಿಗೆ ಆರಂಭಿಸಿದ ಕೆಲವೇ ವಾರಗಳಲ್ಲಿ ವೃದ್ಧರಲ್ಲಿ ಹೀಗಾಗುವುದುಂಟು. ಮೊದಲು ಸುಸ್ತು, ಓಕರಿಕೆ. ಬಳಿಕ ತಡವರಿಕೆ, ಗೊಂದಲ. ಇನ್ನೂ ಇಳಿದರೆ ಸೆಳವು. ‘ಉಪ್ಪು ಕಡಿಮೆಯಾಗಿದೆಯಂತೆ’ ಎಂದು ಕೇಳಿ ಮನೆಯಲ್ಲಿಯೇ ಉಪ್ಪುನೀರು ಕುಡಿಸುವುದು ಸರಿಯಲ್ಲ. ಬಹುಕಾಲ ಕೆಳಗಿದ್ದ ಸೋಡಿಯಂ ಅವಸರದಿಂದ ಮೇಲೇರಿದರೆ ಮಿದುಳಿಗೆ ಶಾಶ್ವತವಾದ ಹಾನಿಯಾಗಬಹುದು. ಅದಕ್ಕಾಗಿಯೇ ವೈದ್ಯರು ಪದೇ ಪದೇ ರಕ್ತಪರೀಕ್ಷೆ ಮಾಡಿಸುತ್ತ ನಿಧಾನವಾಗಿ ಸರಿಪಡಿಸುತ್ತಾರೆ.

ಸೋಂಕು: ಮೂತ್ರಕೋಶದ ಸೋಂಕು, ನ್ಯುಮೋನಿಯ ಮುಂತಾದವು ವೃದ್ಧರಲ್ಲಿ ಜ್ವರವಿಲ್ಲದೆಯೇ ಬರಬಹುದು, ಗೊಂದಲವೊಂದೇ ಹೊರಗೆ ಕಾಣುವ ಗುರುತಾಗಬಹುದು. ಮಳೆಗಾಲದ ಮಹಾನಗರಗಳಲ್ಲಿ ಮಲೇರಿಯದ ಒಂದು ಬಗೆ ಮಿದುಳನ್ನೇ ತಟ್ಟುತ್ತದೆ. ಜ್ವರ, ತಲೆನೋವುಗಳೊಡನೆ ವಿಚಿತ್ರವಾದ ನಡವಳಿಕೆ, ಹೊಸ ಮರೆವು ಅಥವಾ ಸೆಳವು ಕಂಡರೆ ಮಿದುಳಿನ ಉರಿಯೂತವನ್ನು ಶಂಕಿಸಬೇಕು. ಹರ್ಪಿಸ್ ವೈರಸ್ಸಿನಿಂದ ಬರುವ ಉರಿಯೂತಕ್ಕೆ ಅಸೈಕ್ಲೊವಿರ್ ಎಂಬ ಔಷಧವಿದೆ. ಅದನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಪ್ರಯೋಜನ. ಇಂಥ ಸಮಯದಲ್ಲಿ ದೃಷ್ಟಿ ತಗಲಿದೆ, ಗಾಳಿ ಸೋಕಿದೆ ಎಂದು ಕಾಲ ಕಳೆಯುವುದು ಜೀವಕ್ಕೇ ಎರವಾದೀತು.

ಔಷಧಗಳು: ಮನೆಯವರು ಸುಲಭವಾಗಿ ಪತ್ತೆ ಹಚ್ಚಬಹುದಾದ, ಆದರೆ ಎಲ್ಲರೂ ಮರೆಯುವ ಕಾರಣವಿದು. ನೆಗಡಿ, ತುರಿಕೆಗಳಿಗೆ ಚೀಟಿಯಿಲ್ಲದೆಯೇ ಅಂಗಡಿಯಿಂದ ತರುವ ಕ್ಲೋರ್‌ಫೆನಿರಮಿನ್ ಸೇರಿದ ಗುಳಿಗೆಗಳು, ನಿದ್ರೆಗಾಗಿ ನುಂಗುವ ಆಲ್‌ಪ್ರಜೊಲಾಂ, ನರಗಳ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಇವು ಎಳೆಯರಿಗೆ ಒಗ್ಗಿದರೂ ವೃದ್ಧರ ಮಿದುಳನ್ನು ಮಬ್ಬಾಗಿಸಬಲ್ಲವು. ಇಬ್ಬರು ಮೂವರು ವೈದ್ಯರ ಚೀಟಿಗಳ ಗುಳಿಗೆಗಳು ಒಂದೇ ಡಬ್ಬಿಯಲ್ಲಿ ಸೇರಿ, ಒಂದೇ ಔಷಧ ಎರಡು ಹೆಸರುಗಳಲ್ಲಿ ಹೊಟ್ಟೆ ಸೇರುವುದೂ ಉಂಟು. ಹಾಗೆಂದು ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಬಾರದು. ಬಹುದಿನಗಳಿಂದ ಸೇವಿಸುತ್ತಿದ್ದ ನಿದ್ರೆಯ ಗುಳಿಗೆಯನ್ನು ಥಟ್ಟನೆ ಬಿಟ್ಟರೂ ಸನ್ನಿ ಬರುತ್ತದೆ.

ಮದ್ಯ: ನಿತ್ಯವೂ ಹೆಚ್ಚಾಗಿ ಕುಡಿಯುವವರು ಕಾಯಿಲೆ, ಶಸ್ತ್ರಚಿಕಿತ್ಸೆ ಅಥವಾ ಪ್ರಯಾಣದ ನಿಮಿತ್ತ ಹಠಾತ್ತಾಗಿ ನಿಲ್ಲಿಸಿದ ಎರಡರಿಂದ ನಾಲ್ಕು ದಿನಗಳೊಳಗೆ ನಡುಕ, ಬೆವರು, ಭ್ರಮೆಗಳಿಂದ ಕೂಡಿದ ಘೋರವಾದ ಸನ್ನಿಗೆ ತುತ್ತಾಗಬಹುದು. ಅವರಲ್ಲಿ ‘ಬಿ೧’ ಜೀವಸತ್ವದ ಕೊರತೆಯಿಂದಲೂ ಗೊಂದಲ ಉಂಟಾಗುತ್ತದೆ. ತಡಮಾಡಿದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದುತ್ತದೆ. ಸಂಕೋಚದಿಂದ ಪತ್ನಿಯು ಪತಿಯ ಕುಡಿತವನ್ನು ವೈದ್ಯರಿಂದ ಮುಚ್ಚಿಟ್ಟರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ.

ತಲೆಯ ಪೆಟ್ಟು: ಬಚ್ಚಲಲ್ಲಿ ಜಾರಿ ತಲೆಗೆ ತಗುಲಿದ ಸಣ್ಣ ಪೆಟ್ಟನ್ನು ಎಲ್ಲರೂ ಮರೆತಿರುತ್ತಾರೆ. ವೃದ್ಧರಲ್ಲಿ, ಅದರಲ್ಲಿಯೂ ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಲ್ಲಿ, ಮಿದುಳಿನ ಹೊದಿಕೆಯ ಕೆಳಗೆ ರಕ್ತ ಮೆಲ್ಲಮೆಲ್ಲನೆ ಸೇರಿ ಕೆಲವು ವಾರಗಳ ಮೇಲೆ ತಲೆನೋವು, ಮಂಕು, ಗೊಂದಲ, ನಡಿಗೆಯಲ್ಲಿ ತೊಡಕು ಕಾಣಿಸುತ್ತವೆ. ತಲೆಬುರುಡೆಯಲ್ಲಿ ಚಿಕ್ಕ ರಂಧ್ರ ಕೊರೆದು ಆ ರಕ್ತವನ್ನು ಹೊರತೆಗೆದರೆ ಅನೇಕರು ಮೊದಲಿನಂತಾಗುತ್ತಾರೆ.

ಬಚ್ಚಲಿನ ಗ್ಯಾಸ್ ಗೀಸರ್: ನಗರದ ಇಕ್ಕಟ್ಟಾದ ಬಚ್ಚಲುಮನೆಗಳಲ್ಲಿ ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಉರಿಸಿದಾಗ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ತುಂಬಿಕೊಳ್ಳಬಹುದು. ಸ್ನಾನಕ್ಕೆ ಹೋದವರು ತಲೆನೋವು, ಗೊಂದಲಗಳಿಂದ ತತ್ತರಿಸುತ್ತ ಹೊರಬಂದರೆ, ಅಥವಾ ಒಳಗೇ ಕುಸಿದರೆ, ಕೂಡಲೇ ಗಾಳಿಯಿರುವ ಕಡೆಗೆ ತರಬೇಕು. ಉತ್ತರದ ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದರಲ್ಲಿಯೂ ಇದೇ ಅಪಾಯವಿದೆ.

ಇವಲ್ಲದೆ ಹೃದಯಾಘಾತ, ಮೂತ್ರಪಿಂಡ ಅಥವಾ ಯಕೃತ್ತಿನ ವೈಫಲ್ಯ, ಮೂತ್ರ ಕಟ್ಟಿಕೊಳ್ಳುವುದು, ತೀವ್ರವಾದ ಮಲಬದ್ಧತೆ, ಬಿಸಿಲಿನ ತಾಪ, ಮೂಳೆ ಮುರಿತದ ಶಸ್ತ್ರಚಿಕಿತ್ಸೆ ಇವೂ ವೃದ್ಧರಲ್ಲಿ ಸನ್ನಿಗೆ ಕಾರಣವಾಗಬಲ್ಲವು. ಒಂದೇ ದೊಡ್ಡ ಕಾರಣದ ಬದಲು ಮೂರು ನಾಲ್ಕು ಸಣ್ಣ ಕಾರಣಗಳು ಕೂಡಿರುವುದೂ ಸಾಮಾನ್ಯ.

ಗೊಂದಲದಂತೆ ಕಾಣುವ ಪಾರ್ಶ್ವವಾಯು

ಪಾರ್ಶ್ವವಾಯು ಎಂದರೆ ಕೈಕಾಲು ಬೀಳುವುದೆಂದೇ ಜನರ ತಿಳಿವಳಿಕೆ. ಮಿದುಳಿನಲ್ಲಿ ಭಾಷೆಗೆ ಸಂಬಂಧಿಸಿದ ಭಾಗಗಳಿವೆಯೆಂದು ೧೮೬೧ರಲ್ಲಿ ಫ್ರಾನ್ಸಿನ ಪಾಲ್ ಬ್ರೋಕಾ, ೧೮೭೪ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ತೋರಿಸಿಕೊಟ್ಟರು. ವೆರ್ನಿಕೆ ವಿವರಿಸಿದ ಭಾಗಕ್ಕೆ ರಕ್ತ ನಿಂತರೆ ಕೈಕಾಲುಗಳಲ್ಲಿ ಬಲವಿದ್ದರೂ ರೋಗಿ ಅರ್ಥವಿಲ್ಲದ ಮಾತನ್ನು ಸರಾಗವಾಗಿ ಆಡುತ್ತಾರೆ. ಇತರರ ಮಾತು ಅವರಿಗೆ ತಿಳಿಯುವುದಿಲ್ಲ. ಮನೆಯವರು ಅದನ್ನು ಬುದ್ಧಿಭ್ರಮಣೆಯೆಂದು ತಿಳಿದು ಮನೋವೈದ್ಯರನ್ನು ಹುಡುಕುತ್ತ ಸಮಯ ಕಳೆಯುತ್ತಾರೆ.

ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ತೆಳುವಾದ ನಳಿಕೆಯ ಮೂಲಕ ಹೊರತೆಗೆಯುವ ಚಿಕಿತ್ಸೆಯನ್ನು ಆಯ್ದ ಕೆಲವರಿಗೆ ೨೪ ಗಂಟೆಗಳವರೆಗೂ ಮಾಡಬಹುದು. ಆದರೆ ಈ ಗಂಟೆಗಳ ಎಣಿಕೆ ಮನೆಯವರು ಕಾಯಿಲೆಯನ್ನು ಕಂಡ ಹೊತ್ತಿನಿಂದಲ್ಲ, ರೋಗಿ ಸರಿಯಾಗಿದ್ದುದನ್ನು ಕೊನೆಯದಾಗಿ ಕಂಡ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಾತನಾಡಿ ಮಲಗಿದವರು ಬೆಳಿಗ್ಗೆ ಆರಕ್ಕೆ ತೊದಲುತ್ತ ಎದ್ದರೆ ಹೇಳಬೇಕಾದ ಸಮಯ ರಾತ್ರಿ ಹತ್ತು. ನಡುವೆ ಎರಡು ಗಂಟೆಗೆ ಎದ್ದು ಸರಿಯಾಗಿ ನೀರು ಕೇಳಿ ಕುಡಿದಿದ್ದರೆ ಆ ಎರಡು ಗಂಟೆಯೇ ಲೆಕ್ಕ. ಇಂಥ ಒಂದು ಮಾತಿನಿಂದ ಚಿಕಿತ್ಸೆಯೇ ಬದಲಾಗಬಹುದು. ಪಾರ್ಶ್ವವಾಯುವಿನ ಶಂಕೆಯಿದ್ದಾಗ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ರಕ್ತಸ್ರಾವವಾಗಿದ್ದರೆ ಅದರಿಂದ ಹಾನಿ ಹೆಚ್ಚುತ್ತದೆ.

ಕೆಲವು ಗಂಟೆಗಳ ಮರೆವು

ಇವೆಲ್ಲಕ್ಕಿಂತ ಭಿನ್ನವಾದ, ನೋಡುವವರನ್ನು ಗಾಬರಿಗೊಳಿಸುವ ಇನ್ನೊಂದು ಸ್ಥಿತಿಯಿದೆ. ಸಾಮಾನ್ಯವಾಗಿ ೫೦ರಿಂದ ೭೦ ವಯಸ್ಸಿನ ನಡುವಿನವರು ಹಠಾತ್ತಾಗಿ ಹೊಸ ನೆನಪುಗಳನ್ನು ಕೂಡಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ. ಪತ್ನಿಯನ್ನು ಗುರುತಿಸುತ್ತಾರೆ, ತಮ್ಮ ಹೆಸರು ಹೇಳುತ್ತಾರೆ, ಮಾತು, ನಡಿಗೆಗಳು ಸರಿಯಾಗಿರುತ್ತವೆ. ಆದರೆ ‘ನಾವು ಇಲ್ಲಿಗೆ ಯಾತಕ್ಕೆ ಬಂದೆವು?’ ಎಂದು ಕೇಳಿ, ಉತ್ತರ ಪಡೆದು, ಎರಡು ನಿಮಿಷಗಳಲ್ಲಿ ಅದೇ ಪ್ರಶ್ನೆಯನ್ನು ಅದೇ ಧ್ವನಿಯಲ್ಲಿ ಕೇಳುತ್ತಾರೆ. ಹೀಗೆ ಹತ್ತಾರು ಬಾರಿ. ತಣ್ಣೀರಿನಲ್ಲಿ ಮುಳುಗುವುದು, ಭಾರವಾದ ದೈಹಿಕ ಶ್ರಮ, ತೀವ್ರವಾದ ಭಾವೋದ್ವೇಗ ಮುಂತಾದವುಗಳ ಬೆನ್ನಿಗೇ ಇದು ಬರುವುದುಂಟು. ಅಮೆರಿಕದ ನರರೋಗತಜ್ಞರಾದ ಫಿಶರ್ ಮತ್ತು ಆಡಮ್ಸ್ ೧೯೫೮ರಲ್ಲಿ ಇದಕ್ಕೆ ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೇಸಿಯ, ಎಂದರೆ ತಾತ್ಕಾಲಿಕವಾದ ಸಮಗ್ರ ಮರೆವು, ಎಂದು ಹೆಸರಿಟ್ಟರು.

ಹೊಸ ನೆನಪುಗಳನ್ನು ದಾಖಲಿಸುವ ಕೆಲಸದಲ್ಲಿ ಹಿಪೊಕ್ಯಾಂಪಸ್ ಎಂಬ, ಕಡಲಕುದುರೆಯ ಆಕಾರದ ಮಿದುಳಿನ ಭಾಗವೇ ಪ್ರಧಾನ. ಈ ಮರೆವು ಬಂದು ಒಂದೆರಡು ದಿನಗಳ ಮೇಲೆ ವಿಶೇಷ ವಿಧಾನದ ಎಂ.ಆರ್.ಐ. ಚಿತ್ರ ತೆಗೆದರೆ ಅನೇಕರಲ್ಲಿ ಆ ಭಾಗದಲ್ಲಿ ಚಿಕ್ಕ ಚುಕ್ಕೆಗಳು ಕಾಣುತ್ತವೆ. ೨೪ ಗಂಟೆಗಳೊಳಗೆ ನೆನಪಿನ ಶಕ್ತಿ ತಾನಾಗಿಯೇ ಮರಳುತ್ತದೆ. ಆ ಕೆಲವು ಗಂಟೆಗಳಲ್ಲಿ ನಡೆದುದು ಮಾತ್ರ ಎಂದೂ ನೆನಪಿಗೆ ಬಾರದು. ಹಾಜಸ್ ಮತ್ತು ವಾರ್ಲೊ ಎಂಬ ಬ್ರಿಟಿಷ್ ವೈದ್ಯರು ೧೯೯೦ರಲ್ಲಿ ಇದನ್ನು ಗುರುತಿಸುವ ನಿಯಮಗಳನ್ನು ಹೇಳುವಾಗ, ಘಟನೆಯನ್ನು ಕಣ್ಣಾರೆ ಕಂಡ ಸಾಕ್ಷಿಯೊಬ್ಬರಿರಬೇಕೆಂಬುದನ್ನು ನಿಯಮಗಳಲ್ಲಿ ಒಂದಾಗಿ ಸೇರಿಸಿದರು. ರೋಗಿಗೆ ಏನೂ ನೆನಪಿಲ್ಲದ ಕಾಯಿಲೆಯಲ್ಲಿ ಸಾಕ್ಷ್ಯ ನುಡಿಯಬೇಕಾದವರು ಜೊತೆಯವರೇ ತಾನೆ! ಆದರೂ ಇದು ತಾನಾಗಿ ಹೋಗುವ ಮರೆವೆಂದು ಮನೆಯವರೇ ತೀರ್ಮಾನಿಸುವಂತಿಲ್ಲ. ಪಾರ್ಶ್ವವಾಯು, ಅಪಸ್ಮಾರ, ಸಕ್ಕರೆಯ ಕುಸಿತ ಯಾವುದೂ ಅಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆಯೇ ನಿಶ್ಚಿಂತೆಯಿಂದಿರಬೇಕು.

ಮಾತೃಭಾಷೆಯ ಪ್ರಶ್ನೆ

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಪರೀಕ್ಷಿಸುವ ವೈದ್ಯರು ಹಿಂದಿ, ಮರಾಠಿ, ತಮಿಳು, ತೆಲುಗು ಅಥವಾ ಇಂಗ್ಲಿಷಿನಲ್ಲಿ ಪ್ರಶ್ನಿಸುತ್ತಾರೆ. ಫ್ರಾನ್ಸಿನ ರಿಬೊ ೧೮೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನೆನಪು ಅಳಿಯುವಾಗ ಹೊಸತು ಮೊದಲು ಹೋಗಿ ಹಳೆಯದು ಉಳಿಯುತ್ತದೆಂದು ಹೇಳಿದರು. ಅದೇ ದೇಶದ ಪಿತ್ರ್ ಎಂಬ ವೈದ್ಯರು ೧೮೯೫ರಲ್ಲಿ, ಮಾತು ಕಳೆದುಕೊಂಡ ಬಹುಭಾಷಿಕರಲ್ಲಿ ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುವುದನ್ನು ವಿವರಿಸಿದರು. ಎಲ್ಲ ರೋಗಿಗಳಲ್ಲೂ ಹೀಗೆಯೇ ಆಗುತ್ತದೆಂದಲ್ಲ. ಆದರೆ ನಲವತ್ತು ವರ್ಷ ಕಚೇರಿಯಲ್ಲಿ ಮರಾಠಿ ಆಡಿದವರು ಸನ್ನಿಯ ಸಮಯದಲ್ಲಿ ಬಾಲ್ಯದ ಕನ್ನಡಕ್ಕೋ ತುಳುವಿಗೋ ಕೊಂಕಣಿಗೋ ಮರಳುವುದುಂಟು. ಆಗ ಮಾತು ತಿಳಿಯದ ದಾದಿಯರಿಗೆ ಅದು ಬರಿಯ ಬಡಬಡಿಕೆಯಾಗಿ ಕೇಳಿಸುತ್ತದೆ. ‘ಉಚ್ಚೆ ಬರ್ತಾ ಇಲ್ಲ, ಹೊಟ್ಟೆ ಬಿಗಿದಿದೆ’ ಎಂಬ ಮಾತು ಬಡಬಡಿಕೆಯೆಂದು ಎಣಿಸಲ್ಪಟ್ಟರೆ ಕಾಯಿಲೆಯ ಕಾರಣವೇ ಕೈತಪ್ಪಿ ಹೋದಂತೆ.

ಇದಕ್ಕೆ ವಿರುದ್ಧವಾದ ತಪ್ಪೂ ಸಂಭವಿಸುತ್ತದೆ. ಇಂಗ್ಲಿಷ್ ತಿಂಗಳ ತಾರೀಖನ್ನು ಎಂದೂ ಬಳಸದ ಗೃಹಿಣಿ ಇಂದಿನ ದಿನಾಂಕ ಹೇಳಲಾರದಿದ್ದರೆ ಅದು ಗೊಂದಲವಲ್ಲ. ಶ್ರಾವಣವೋ ಭಾದ್ರಪದವೋ ಎಂದು ಕೇಳಿದರೆ ಆಕೆ ಸರಿಯಾಗಿ ಹೇಳಬಹುದು. ಆದ್ದರಿಂದ ಜೊತೆಯಲ್ಲಿ ಹೋದವರು ವೈದ್ಯರ ಪ್ರಶ್ನೆಯನ್ನು ಕನ್ನಡಕ್ಕೆ ತಂದು, ಉತ್ತರವನ್ನು ಇದ್ದಂತೆಯೇ ತಿಳಿಸಬೇಕು. ಮರ್ಯಾದೆಗೆ ಅಂಜಿ ಉತ್ತರವನ್ನು ತಿದ್ದಬಾರದು. ರೋಗಿಯ ಪರವಾಗಿ ತಾವೇ ಉತ್ತರಿಸಲೂಬಾರದು. ಮಾತು ಹೊಂದಿಕೆಯಾಗಿದೆಯೇ, ಕನ್ನಡದಲ್ಲಿಯೂ ಅಸಂಬದ್ಧವೇ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳು

ಗಾಬರಿಯ ಹೊತ್ತಿನಲ್ಲಿ ಎಲ್ಲವೂ ನೆನಪಾಗುವುದಿಲ್ಲ. ಕೆಳಗಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು.

೧. ಕೊನೆಯದಾಗಿ ಸರಿಯಾಗಿದ್ದ ದಿನ ಮತ್ತು ಗಂಟೆ. ಬದಲಾವಣೆ ಕಂಡ ಗಂಟೆ.
೨. ಮೊದಲು ಹೇಗಿದ್ದರು: ಹಣದ ವ್ಯವಹಾರ, ಅಡುಗೆ, ಒಂಟಿಯಾಗಿ ಓಡಾಟ ಇವೆಲ್ಲವನ್ನೂ ಮಾಡುತ್ತಿದ್ದರೇ?
೩. ಗೊಂದಲ ಒಂದೇ ಸಮನಾಗಿದೆಯೇ, ಏರಿಳಿಯುತ್ತಿದೆಯೇ?
೪. ಜ್ವರ, ವಾಂತಿ, ಕೆಮ್ಮು, ಉರಿಮೂತ್ರ, ಸೆಳವು, ತಲೆನೋವು ಇದ್ದುವೇ? ಕಳೆದ ಎರಡು ತಿಂಗಳಲ್ಲಿ ಬಿದ್ದಿದ್ದರೇ?
೫. ಮುಖ ಸೊಟ್ಟಗಾದುದು, ಕೈಕಾಲು ಸೋತುದು, ಮಾತು ತೊದಲಿದುದು ಉಂಟೇ?
೬. ಊಟ, ನೀರು, ನಿದ್ರೆ, ಮಲಮೂತ್ರಗಳ ಸ್ಥಿತಿ.
೭. ಮದ್ಯಪಾನದ ಅಭ್ಯಾಸ ಮತ್ತು ಕೊನೆಯ ಬಾರಿ ಕುಡಿದ ದಿನ.

ಔಷಧಗಳ ಹೆಸರನ್ನು ಬರೆಯುವುದಕ್ಕಿಂತ ಮನೆಯಲ್ಲಿರುವ ಗುಳಿಗೆ, ಕಷಾಯ, ಚೂರ್ಣಗಳೆಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗುವುದು ಮೇಲು. ತುರ್ತಿಗೆ ದೇಶದಾದ್ಯಂತ ೧೧೨, ಅನೇಕ ರಾಜ್ಯಗಳಲ್ಲಿ ಆಂಬುಲೆನ್ಸಿಗಾಗಿ ೧೦೮ ದೂರವಾಣಿ ಸಂಖ್ಯೆಗಳಿವೆ. ಪಾರ್ಶ್ವವಾಯುವಿನ ಶಂಕೆಯಿದ್ದರೆ ತಲೆಯ ಸಿ.ಟಿ. ಚಿತ್ರ ತೆಗೆಯುವ ಸೌಕರ್ಯ ಹಗಲಿರುಳೂ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಮನೆಯ ಸಮೀಪದಲ್ಲಿ ಅಂಥದು ಯಾವುದೆಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ವಿವೇಕ.

ಆರೈಕೆಯ ಕ್ರಮ

ಕಾರಣಕ್ಕೆ ತಕ್ಕ ಚಿಕಿತ್ಸೆ ವೈದ್ಯರ ಹೊಣೆ. ಆದರೆ ಗೊಂದಲ ಬೇಗನೆ ತಿಳಿಯಾಗಲು ಆಪ್ತರ ಸಾನ್ನಿಧ್ಯದಷ್ಟು ಉಪಯುಕ್ತವಾದುದು ಕಡಿಮೆ. ಆಸ್ಪತ್ರೆಗೆ ಹೊರಡುವಾಗ ಕನ್ನಡಕ, ಶ್ರವಣಯಂತ್ರ, ಹಲ್ಲಿನ ಕಟ್ಟುಗಳನ್ನು ಮರೆಯಬಾರದು. ಕಣ್ಣು ಕಿವಿ ಮಂದವಾದಷ್ಟೂ ಭ್ರಮೆ ಹೆಚ್ಚುತ್ತದೆ. ಗೋಡೆಗೆ ಗಡಿಯಾರ ಮತ್ತು ಕನ್ನಡ ಪಂಚಾಂಗ, ಹಗಲು ಬೆಳಕು, ರಾತ್ರಿ ಮಂದದೀಪ, ಮಿತವಾದ ಸದ್ದು ಇರಬೇಕು. ‘ರೀ, ನಾನು ನಿಮ್ಮ ಪಕ್ಕದಲ್ಲೇ ಇದ್ದೇನೆ. ಇದು ಆಸ್ಪತ್ರೆ. ಇವತ್ತು ಗುರುವಾರ, ಈಗ ಬೆಳಿಗ್ಗೆ ಒಂಬತ್ತು ಗಂಟೆ’ ಎಂಬಂತಹ ಚಿಕ್ಕ ಚಿಕ್ಕ ಮಾತುಗಳನ್ನು ಶಾಂತವಾಗಿ ಮತ್ತೆ ಮತ್ತೆ ಹೇಳಬೇಕು. ನುಂಗಲು ತೊಂದರೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ಆಗಾಗ ನೀರು ಕುಡಿಸಬೇಕು. ಸಾಧ್ಯವಾದಷ್ಟು ಬೇಗ ಎಬ್ಬಿಸಿ ಕೂರಿಸಿ ನಡೆಸಬೇಕು. ಕೈಕಾಲು ಕಟ್ಟಿಹಾಕುವುದರಿಂದ ಉದ್ವೇಗ ಹೆಚ್ಚುವುದೇ ಹೊರತು ಇಳಿಯದು. ಗದ್ದಲ ಮಾಡುತ್ತಾರೆಂದು ಮನೆಯಲ್ಲಿದ್ದ ನಿದ್ರೆಯ ಗುಳಿಗೆಯನ್ನು ಕೊಡಬಾರದು.

ಸನ್ನಿಯಲ್ಲಿರುವವರು ಕೆಲವೊಮ್ಮೆ ಅತ್ಯಂತ ಹತ್ತಿರದವರನ್ನೇ ಶಂಕಿಸುತ್ತಾರೆ. ಹಾಲಿನಲ್ಲಿ ವಿಷ ಬೆರೆಸಿದ್ದಾಳೆ, ಒಡವೆ ಕದ್ದಿದ್ದಾರೆ, ಇವನು ನನ್ನ ಗಂಡನೇ ಅಲ್ಲ ಎಂದು ಹತ್ತು ಜನರ ಮುಂದೆ ಕೂಗುತ್ತಾರೆ. ಇಡೀ ಬಾಳನ್ನು ಹಂಚಿಕೊಂಡವರಿಗೆ ಆ ಮಾತು ಇರಿಯುತ್ತದೆ. ಮನಸ್ಸಿನಲ್ಲಿ ಬಹಳ ಕಾಲದಿಂದ ಇದ್ದುದೇ ಈಗ ಹೊರಬಂದಿತೆಂದು ಕೊರಗುವವರೂ ಇದ್ದಾರೆ. ಈ ಕೊರಗಿಗೆ ಆಧಾರವಿಲ್ಲ. ಅವು ಏರುಪೇರಾದ ಮಿದುಳು ಹುಟ್ಟಿಸಿದ ಭಯದ ಮಾತುಗಳು. ಅವುಗಳೊಡನೆ ವಾದಿಸಬಾರದು, ಹೌದೆಂದು ಒಪ್ಪಿಕೊಳ್ಳಲೂಬೇಕಿಲ್ಲ. ‘ಭಯಪಡಬೇಡಿ, ನಾನಿದ್ದೇನೆ’ ಎಂದರೆ ಸಾಕು. ಚೇತರಿಸಿಕೊಂಡ ಮೇಲೆ ಅನೇಕರಿಗೆ ಇದು ಅರೆಬರೆಯಾಗಿ ನೆನಪಿಗೆ ಬಂದು ಲಜ್ಜೆಯಾಗುತ್ತದೆ. ಆಗ ಅದನ್ನು ಕೆಣಕಿ ನಗುವುದಾಗಲಿ ದೂರುವುದಾಗಲಿ ಸಲ್ಲದು.

ಕಾರಣ ನಿವಾರಣೆಯಾದ ಕೂಡಲೇ ಗೊಂದಲವೂ ಮಾಯವಾಗಬೇಕೆಂದೇನಿಲ್ಲ. ಕೆಲವರು ಎರಡೇ ದಿನಗಳಲ್ಲಿ ಸರಿಹೋದರೆ ಕೆಲವರಿಗೆ ವಾರಗಳು, ಅಪರೂಪವಾಗಿ ತಿಂಗಳುಗಳೇ ಹಿಡಿಯುತ್ತವೆ. ಸನ್ನಿಯಾದವರಲ್ಲಿ ಮುಂದೆ ನಿಧಾನದ ಮರೆವಿನ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಇತರರಿಗಿಂತ ಹೆಚ್ಚು. ಆದ್ದರಿಂದ ಮನೆಗೆ ಬಂದ ಕೆಲವು ತಿಂಗಳುಗಳ ಮೇಲೆ ನೆನಪಿನ ಶಕ್ತಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಮುಂದೆ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಹಿಂದೆ ಸನ್ನಿಯಾಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಎಲ್ಲ ರೋಗಿಗಳೂ ಪೂರ್ಣವಾಗಿ ಗುಣಹೊಂದುತ್ತಾರೆಂದು ಯಾವ ವೈದ್ಯರೂ ಮಾತು ಕೊಡಲಾರರು. ಕೆಲವರಲ್ಲಿ ಕಾರಣವೇ ಗಂಭೀರವಾಗಿರುತ್ತದೆ. ಆದರೆ ವಯಸ್ಸಿನ ಸಹಜ ಧರ್ಮವೆಂದು ಮನೆಯಲ್ಲಿಯೇ ಮಲಗಿಸಿ ಕಳೆದುಕೊಂಡ ಒಂದು ರಾತ್ರಿಯಲ್ಲಿ, ಒಂದು ಲೋಟ ಸಕ್ಕರೆ ನೀರಿನಿಂದಲೋ ಒಂದು ಚುಚ್ಚುಮದ್ದಿನಿಂದಲೋ ಉಳಿಸಬಹುದಾಗಿದ್ದ ಬುದ್ಧಿ ಶಾಶ್ವತವಾಗಿ ನಂದಿಹೋಗಬಾರದು. ಬಾಳಸಂಗಾತಿಯಲ್ಲಿ ಹಠಾತ್ತಾದ ಬದಲಾವಣೆ ಕಂಡೊಡನೆ ಗಡಿಯಾರ ನೋಡಿ ಹೊತ್ತನ್ನು ಬರೆದುಕೊಳ್ಳುವುದು, ಗುಳಿಗೆಗಳ ಚೀಲ ಹಿಡಿದು ಹೊರಡುವುದು, ಕಂಡುದನ್ನು ಕಂಡಂತೆ ಹೇಳುವುದು ಈ ಮೂರನ್ನು ಪ್ರತಿಯೊಬ್ಬ ದಂಪತಿಗಳೂ ಇಂದೇ ಒಬ್ಬರಿಗೊಬ್ಬರು ಹೇಳಿಕೊಟ್ಟಿರಲಿ.